ಆಂಡೀಸ್ ಮೆಟಲ್: ಕೊಳಲು ಮೆತ್ತಗೆ, ಗಿಟಾರ್ ಗಡಸು ಅಂದವರು ಯಾರು?

ಆಂಡೀಸ್ ಪರ್ವತಗಳ ಸಂಗೀತ ಅಂದಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಒಂದೇ ಧಾಟಿ, 'ಎಲ್ ಕೋಂಡೋರ್ ಪಾಸಾ'. ಹೆಸರು ಗೊತ್ತಿಲ್ಲದಿದ್ದರೂ ಹೋಟೆಲ್ ಲಾಬಿಯಲ್ಲೋ ಲಿಫ್ಟಿನಲ್ಲೋ ಎಲ್ಲಾದರೂ ಕೇಳಿರುತ್ತೀರಿ. ಮೆಲ್ಲಗೆ ತೇಲುವ ಕೊಳಲು, ಹಿಂದೆ ತಂತಿವಾದ್ಯದ ಸಣ್ಣ ಕಿಣಿಕಿಣಿ. 1970ರಲ್ಲಿ ಸೈಮನ್ ಮತ್ತು ಗಾರ್ಫಂಕಲ್ ಜೋಡಿ ಅದಕ್ಕೆ ಇಂಗ್ಲಿಷ್ ಸಾಹಿತ್ಯ ಸೇರಿಸಿ ಹಾಡಿದ ಮೇಲೆ ಅದು ಜಗತ್ತಿನ ಆಸ್ತಿಯಾಯಿತು. ಆದರೆ ಆ ಧಾಟಿ ಹುಟ್ಟಿದ್ದು 1913ರಲ್ಲಿ, ಪೆರುವಿನ ದಾನಿಯೆಲ್ ಅಲೊಮಿಯಾ ರೋಬ್ಲೆಸ್ ಒಂದು ಸಂಗೀತ ನಾಟಕಕ್ಕೆ ರಾಗ ಹಾಕಿದಾಗ. ನಾಟಕದ ಕತೆ ಸೆರ್ರೊ ದೆ ಪಾಸ್ಕೊ ಎಂಬ ಗಣಿ ಪ್ರದೇಶದ್ದು. ಅಲ್ಲಿನ ಕೂಲಿಯಾಳುಗಳು ವಿದೇಶಿ ಗಣಿ ಧಣಿಗಳ ಮೇಲೆ ತಿರುಗಿಬೀಳುತ್ತಾರೆ, ರಕ್ತವೂ ಹರಿಯುತ್ತದೆ. ಅಷ್ಟು ಸಿಟ್ಟಿನ ಕತೆಯಿಂದ ಬಂದದ್ದು ಇವತ್ತು ಮಸಾಜ್ ಪಾರ್ಲರಿನ ಹಿನ್ನೆಲೆ ಸಂಗೀತ.

ಆಂಡೀಸ್‌ನ ಫೋಕ್ ಮೆಟಲ್ ತಂಡಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲೇ ಎಡವುತ್ತಾರೆ. 'ಮೃದುವಾದ ಜನಪದ, ಒರಟಾದ ಮೆಟಲ್, ಎರಡರ ವಿಚಿತ್ರ ಮದುವೆ' ಎಂದು ಬರೆದು ಮುಗಿಸುತ್ತಾರೆ. ನನ್ನ ಪ್ರಕಾರ ಇದು ತಿರುಗಾಮುರುಗಾ. ಆಂಡೀಸ್‌ನ ಹಳ್ಳಿಯ ಸಂಗೀತ ಮೊದಲಿಂದಲೂ ಜೋರು, ಗಡಸು, ಕರ್ಕಶ. ಅದನ್ನು ಮೆತ್ತಗೆ ಮಾಡಿದ್ದು ಪಟ್ಟಣ. ಮೆಟಲ್ ತಂಡಗಳು ಹೊಸದಾಗಿ ಒರಟುತನ ತಂದು ಸೇರಿಸಬೇಕಾಗಿಯೇ ಇರಲಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಫೋಕ್ ಮೆಟಲ್ ಅಂದರೇನು ಅಂತ ಎರಡು ಮಾತು. ಹೆವಿ ಮೆಟಲ್‌ನ ಗಿಟಾರ್, ಬೇಸ್, ಡ್ರಮ್ಸ್ ಜೊತೆಗೆ ಒಂದು ಊರಿನ, ಒಂದು ಜನದ ವಾದ್ಯ, ಧಾಟಿ, ಭಾಷೆ ಬೆರೆಸುವುದು. 1990ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಸ್ಕೈಕ್ಲ್ಯಾಡ್ ತಂಡವನ್ನು ಇದರ ಮೊದಲಿಗರು ಅಂತ ಕರೆಯುವ ರೂಢಿ ಇದೆ. ಆಮೇಲೆ ಫಿನ್ಲೆಂಡ್, ಸ್ವಿಟ್ಜರ್ಲೆಂಡ್ ಕಡೆ ಇದು ಬೆಳೆಯಿತು. ನಮ್ಮ ದೇಶದಲ್ಲಿ ದೆಹಲಿಯ ಬ್ಲಡಿವುಡ್ ಢೋಲ್ ಹಿಡಿದು ಇದೇ ದಾರಿಯಲ್ಲಿ ಹೆಸರು ಮಾಡಿದೆ. ಆಂಡೀಸ್‌ನದು ಪೆರು, ಬೊಲಿವಿಯಾ, ಎಕ್ವಡಾರ್, ಚಿಲಿಗಳಲ್ಲಿ ಹರಡಿರುವ ಕವಲು. ಅದರ ಬೇರು ಸ್ಕೈಕ್ಲ್ಯಾಡ್‌ಗಿಂತ ಹಳೆಯದು. ಆ ಮಾತಿಗೆ ಮತ್ತೆ ಬರುತ್ತೇನೆ.

ತಾಳದಿಂದ ಶುರುಮಾಡೋಣ. ಆಂಡೀಸ್‌ನಲ್ಲಿ ಎಲ್ಲೆಲ್ಲೂ ಕೇಳುವ ಕುಣಿತದ ಹಾಡು ವಾಯ್ನೊ. ಅದು ಎರಡು ಪೆಟ್ಟಿನ ತಾಳ. ಪ್ರತಿ ಪೆಟ್ಟಿನ ಒಳಗೆ ಒಂದು ಉದ್ದ, ಎರಡು ಗಿಡ್ಡ. ಹೈಸ್ಕೂಲಿನಲ್ಲಿ 'ಯಮಾತಾರಾಜಭಾನಸಲಗಂ' ಬಾಯಿಪಾಠ ಮಾಡಿದ್ದೀರಲ್ವಾ? ಹಾಗಾದರೆ ಇದು ಭಗಣ: ಗುರು, ಲಘು, ಲಘು. ಎರಡು ಮಾತ್ರೆ, ಒಂದು, ಒಂದು. ಮೆಟಲ್ ಕೇಳುವವರಿಗೆ ಇದೇ ಅಳತೆ ಬೇರೆ ಹೆಸರಲ್ಲಿ ಗೊತ್ತು. ಅವರು ಅದನ್ನು ಗ್ಯಾಲಪ್ ಎನ್ನುತ್ತಾರೆ, ಕುದುರೆ ಓಟ. ಐರನ್ ಮೇಡನ್ ತಂಡದ ಸ್ಟೀವ್ ಹ್ಯಾರಿಸ್ ಬೇಸ್ ಗಿಟಾರಿನಲ್ಲಿ ಬೆರಳು ಓಡಿಸುವ ಲಯ. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಆ ತಂಡ ನುಡಿಸಿದಾಗ ಸಾವಿರಾರು ಜನ ತಲೆ ಕೊಡವಿದ್ದು ಇದೇ ಭಗಣಕ್ಕೆ. ಹೀಗಾಗಿ ವಾಯ್ನೊ ಧಾಟಿಯೊಂದನ್ನು ಡಿಸ್ಟಾರ್ಷನ್ ಹಾಕಿದ, ಅಂದರೆ ಒಡೆದ ದನಿಯ, ಗಿಟಾರಿನಲ್ಲಿ ನುಡಿಸಿದರೆ ಅದು ಎಳೆದು ತಂದು ಕೂರಿಸಿದ ಹಾಗೆ ಕೇಳುವುದಿಲ್ಲ.

ಒಂದು ವ್ಯತ್ಯಾಸವಂತೂ ಇದೆ. ಹಳ್ಳಿಯ ವಾಯ್ನೊದಲ್ಲಿ ಸಾಲುಗಳ ಉದ್ದ ಒಂದೇ ಸಮ ಇರುವುದಿಲ್ಲ. ಹಾಡುವವರಿಗೆ ಪದ ಜಾಸ್ತಿ ಇದ್ದರೆ ನಡುವೆ ಒಂದು ಪೆಟ್ಟು ಸೇರಿಕೊಳ್ಳುತ್ತದೆ, ಕುಣಿಯುವವರ ಕಾಲು ಅದನ್ನು ಹೇಗೋ ಸರಿಮಾಡಿಕೊಳ್ಳುತ್ತದೆ. ರಾಕ್ ಕಲಿತು ಬಂದ ಡ್ರಮ್ಮರ್‌ಗಳು ಇದನ್ನೆಲ್ಲ ಕತ್ತರಿಸಿ ನಾಲ್ಕು ನಾಲ್ಕಕ್ಕೆ ಕೂರಿಸಿಬಿಡುತ್ತಾರೆ. ಹೊಸ ತಂಡವೊಂದು ಊರಿನ ಸಂಗೀತವನ್ನು ನಿಜವಾಗಿ ಕಿವಿಗೆ ಹಾಕಿಕೊಂಡಿದೆಯೋ ಇಲ್ಲವೋ ಅಂತ ನೋಡಲು ನಾನು ಮೊದಲು ಗಮನಿಸುವುದು ಇದನ್ನೇ: ಆ ಹೆಚ್ಚುವರಿ ಪೆಟ್ಟು ಉಳಿದಿದೆಯಾ?

ಸ್ವರಗಳ ವಿಷಯವೂ ಹೀಗೇ ಹತ್ತಿರದ್ದು. ಆಂಡೀಸ್‌ನ ತುಂಬಾ ಧಾಟಿಗಳು ಐದು ಸ್ವರದವು. ರಾಕ್ ಗಿಟಾರ್ ಕಲಿಯುವವರ ಬೆರಳು ಮೊದಲು ಪಳಗುವ ಮೈನರ್ ಪೆಂಟಾಟೋನಿಕ್ ಕೂಡ ಅದೇ. ಸ್ವರಸ್ಥಾನದ ಲೆಕ್ಕದಲ್ಲಿ ನಮ್ಮ ಶುದ್ಧ ಧನ್ಯಾಸಿ. ಇನ್ನು ಕೇನಾ ಎಂಬ ಕೊಳಲು ಇದೆ. ಎರಡೂ ತುದಿ ತೆರೆದ ಬಿದಿರಿನಂಥ ಕೊಳವೆ, ಊದುವ ತುದಿಯಲ್ಲಿ ಒಂದು ಕಚ್ಚು, ಮುಂದೆ ಆರು ತೂತು, ಹಿಂದೆ ಹೆಬ್ಬೆರಳಿಗೆ ಒಂದು. ಈಗ ಸಾಮಾನ್ಯವಾಗಿ ಸಿಗುವ ಕೇನಾ ಜಿ ಶ್ರುತಿಯದು. ಅದರಲ್ಲಿ ಸಲೀಸಾಗಿ ಬರುವುದು ಇ ಮೈನರ್. ಗಿಟಾರಿನ ಅತಿ ದಪ್ಪ ತಂತಿಯೂ ಇ. ಕಾಕತಾಳೀಯ ಇರಬಹುದು, ಆದರೆ ತಂಡಗಳಿಗೆ ಇದು ದೊಡ್ಡ ಅನುಕೂಲ. ಕಷ್ಟ ಶುರುವಾಗುವುದು ಗಿಟಾರಿಸ್ಟ್ ಇನ್ನೂ ಭಾರದ ಸದ್ದು ಬೇಕು ಅಂತ ತಂತಿಗಳನ್ನು ಡಿಗೆ ಇಳಿಸಿದಾಗ. ಕೊಳಲನ್ನು ಹಾಗೆ ಇಳಿಸಲು ಬರುವುದಿಲ್ಲವಲ್ಲ. ಆಗ ಎಫ್ ಶ್ರುತಿಯ, ಸ್ವಲ್ಪ ಉದ್ದನೆಯ ಇನ್ನೊಂದು ಕೇನಾ ಬೇಕು. ವೇದಿಕೆಯಲ್ಲಿ ಕೊಳಲು ನುಡಿಸುವವರ ಪಕ್ಕ ಐದಾರು ಕೊಳವೆಗಳ ಚೀಲ ಕಂಡರೆ ಅದು ಸುಮ್ನೆ ಪ್ರದರ್ಶನಕ್ಕಲ್ಲ.

ಈಗ ನನಗೆ ಬಹಳ ಇಷ್ಟವಾದ ಭಾಗ, ಸಿಕು. ಸಾಲಾಗಿ ಕಟ್ಟಿದ ಕೊಳವೆಗಳ ವಾದ್ಯ, ಸ್ಪ್ಯಾನಿಷ್‌ನಲ್ಲಿ ಸಂಪೋನ್ಯಾ. ನಾವು ವಿಡಿಯೋಗಳಲ್ಲಿ ನೋಡುವುದು ಒಬ್ಬರೇ ನುಡಿಸುವ ಸಿಕು. ಟಿಟಿಕಾಕಾ ಸರೋವರದ ಸುತ್ತಲಿನ ಐಮಾರಾ ಎಂಬ ಮೂಲನಿವಾಸಿಗಳ ಊರುಗಳಲ್ಲಿ ಅದು ಹಾಗಲ್ಲ. ಅಲ್ಲಿ ಒಂದು ಸಿಕು ಅಂದರೆ ಎರಡು ತುಂಡು. ಒಂದರ ಹೆಸರು ಇರಾ, ಸಾಮಾನ್ಯವಾಗಿ ಆರು ಕೊಳವೆ. ಇನ್ನೊಂದು ಅರ್ಕಾ, ಏಳು ಕೊಳವೆ. ಸ್ವರಗಳನ್ನು ಒಂದು ಬಿಟ್ಟು ಒಂದರಂತೆ ಹಂಚಿರುತ್ತಾರೆ. ಒಂದು ಸ್ವರ ಇವನ ಹತ್ತಿರ ಇದ್ದರೆ ಅದರ ಮುಂದಿನದು ಅವನ ಹತ್ತಿರ. ಒಬ್ಬನೇ ಎಷ್ಟೇ ಜಾಣನಾದರೂ ಒಂದು ಸಾಲು ಪೂರ್ತಿ ನುಡಿಸಲಾರ. ಇರಾದವನು ಊದುತ್ತಾನೆ, ಅರ್ಕಾದವನು ಮುಂದಿನ ಸ್ವರ ತುಂಬುತ್ತಾನೆ, ಮತ್ತೆ ಇವನು. ಧಾಟಿ ಹುಟ್ಟುವುದು ಇಬ್ಬರ ನಡುವೆ. ಆ ಸರೋವರದ ದಂಡೆಯ, ಪೆರುವಿನ ಪುನೋ ಪಟ್ಟಣ ಇರುವುದು ಸುಮಾರು 3,800 ಮೀಟರ್ ಎತ್ತರದಲ್ಲಿ. ಅಲ್ಲಿನ ತೆಳು ಗಾಳಿಯಲ್ಲಿ ಕುಣಿಯುತ್ತಾ ಗಂಟೆಗಟ್ಟಲೆ ಊದಲು ಈ ಹಂಚಿಕೆ ಎಷ್ಟು ಉಪಕಾರಿ ಅಂತ ಬೇರೆ ಹೇಳಬೇಕಾಗಿಲ್ಲ. ಫೆಬ್ರವರಿಯಲ್ಲಿ ಅಲ್ಲಿ ಕ್ಯಾಂಡೆಲಾರಿಯಾ ಮಾತೆಯ ಹಬ್ಬ ನಡೆಯುತ್ತದೆ. 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹಬ್ಬ. ಹತ್ತಾರು ಜನರ ಸಿಕುರಿ ಮೇಳಗಳು ಬೀದಿ ತುಂಬಿಕೊಂಡು ಬರುತ್ತವೆ, ಜೊತೆಗೆ ಎದೆ ನಡುಗಿಸುವ ಬೊಂಬೊ ಡೋಲುಗಳು. ಮೆತ್ತಗಿನ ಲಿಫ್ಟ್ ಸಂಗೀತಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಆ ಮೇಳಗಳ ಸದ್ದು ದಪ್ಪಗೆ ಕೇಳುವುದಕ್ಕೆ ಕಾರಣ ಇದೆ. ಸಂಗೀತ ಸಂಶೋಧಕ ಥಾಮಸ್ ಟುರಿನೊ ಪುನೋ ಪ್ರಾಂತ್ಯದ ಕೊನಿಮಾದಲ್ಲಿದ್ದು ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಅಲ್ಲಿನವರಿಗೆ ಎಲ್ಲ ಕೊಳವೆಗಳೂ ಕೂದಲೆಳೆಯಷ್ಟೂ ತಪ್ಪದೆ ಒಂದೇ ಶ್ರುತಿಯಲ್ಲಿರುವುದು ಬೇಡ. ಒಂದಕ್ಕೊಂದು ತುಸು ಆಚೀಚೆ ಇರಬೇಕು. ಆಗ ಸದ್ದು ಒಂದಕ್ಕೊಂದು ಉಜ್ಜಿ, ಅಗಲವಾಗಿ, ಸಂದಿಲ್ಲದೆ ತುಂಬಿಕೊಳ್ಳುತ್ತದೆ. ಈಗ ಮೆಟಲ್ ಸ್ಟುಡಿಯೋಗೆ ಬನ್ನಿ. ಅಲ್ಲಿ ಗಿಟಾರಿಸ್ಟ್ ಒಂದೇ ರಿಫ್ ಅನ್ನು, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕನ್ನು, ಎರಡು ಸಲ, ಕೆಲವೊಮ್ಮೆ ನಾಲ್ಕು ಸಲ ನುಡಿಸಿ ರೆಕಾರ್ಡ್ ಮಾಡುತ್ತಾನೆ. ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಹಾಕುತ್ತಾರೆ. ಒಂದೇ ರೆಕಾರ್ಡಿಂಗನ್ನು ಕಾಪಿ ಮಾಡಿ ಎರಡೂ ಕಡೆ ಇಟ್ಟರೆ ಆ ಗುಣ ಬರುವುದಿಲ್ಲ. ಎರಡು ಸಲದ ನಡುವಿನ ಸಣ್ಣ ಏರುಪೇರೇ ಸದ್ದಿಗೆ ಗೋಡೆಯಂಥ ದಪ್ಪ ಕೊಡುತ್ತದೆ. ಕೊನಿಮಾದ ಮೇಳದವರೂ ಸ್ಟುಡಿಯೋದವರೂ ಮಾಡುತ್ತಿರುವುದು ಒಂದೇ ಕೆಲಸ.

ತಾರ್ಕಾ ಇನ್ನೂ ಒಂದು ಹೆಜ್ಜೆ ಮುಂದೆ. ಇದು ಮರದ ಚೌಕಾಕಾರದ ಕೊಳಲು. ಮೆಲ್ಲಗೆ ಊದಿದರೆ ಸಾಧಾರಣ ಸ್ವರ ಬರುತ್ತದೆ, ಅದು ಯಾರಿಗೂ ಬೇಡ. ಜೋರಾಗಿ ಊದಿ ಸ್ವರವನ್ನು ಒಡೆಯಬೇಕು. ಆಗ ಕೆಳಗಿನ ಸ್ವರ, ಮೇಲಿನ ಸ್ವರ ಎರಡೂ ಒಟ್ಟಿಗೆ ಬಂದು ನಡುವೆ ಗರಗರ ಕಂಪಿಸುತ್ತವೆ. ಐಮಾರಾ ಜನರ ಕಿವಿಗೆ ಚೆನ್ನಾದ ತಾರ್ಕಾ ಅಂದರೆ ಹೀಗೆ ಒಡೆದ ದನಿಯದು. ಗಿಟಾರಿನ ಡಿಸ್ಟಾರ್ಷನ್ ಕೂಡ ಇಂಥದ್ದೇ. ಆಂಪ್ಲಿಫೈಯರ್ ತಡೆದುಕೊಳ್ಳಲಾರದಷ್ಟು ಸದ್ದು ತುಂಬಿದಾಗ ಅಲೆಯ ತಲೆ ಕತ್ತರಿಸಿ ಹೋಗಿ ಹೊಸ ಕಂಪನಗಳು ಹುಟ್ಟುತ್ತವೆ. ಒಂದರಲ್ಲಿ ಉಸಿರು, ಇನ್ನೊಂದರಲ್ಲಿ ಕರೆಂಟು. ತಾರ್ಕಾ ಮೇಳದಲ್ಲಿ ಮೂರು ಅಳತೆಯ ಕೊಳಲುಗಳಿರುತ್ತವೆ. ದೊಡ್ಡದು, ಅದಕ್ಕಿಂತ ಒಂದು ಪಂಚಮ ಮೇಲಿನದು, ಒಂದು ಸ್ಥಾಯಿ ಮೇಲಿನದು. ಮೂವರೂ ಒಂದೇ ಧಾಟಿ ಊದುತ್ತಾರೆ. ಅಂದರೆ ಪ್ರತಿ ಕ್ಷಣ ಕೇಳುವುದು ಷಡ್ಜ, ಪಂಚಮ, ಮೇಲಿನ ಷಡ್ಜ, ಮೂರೂ ಒಟ್ಟಿಗೆ ಸರಿಯುತ್ತಾ. ಮೆಟಲ್‌ನ ಜೀವಾಳವಾದ ಪವರ್ ಕಾರ್ಡ್ ಅಂದರೆ ಇದೇ ಮೂರು ಸ್ವರ. ಬೊಲಿವಿಯಾದ ಊರಿನವರು ಇದಕ್ಕಾಗಿ ಯಾವ ಗಿಟಾರನ್ನೂ ಕಾದು ಕೂತಿರಲಿಲ್ಲ.

ಹಾಗಾದರೆ ಈ ಸಂಗೀತ ಮೆತ್ತಗಾಗಿದ್ದು ಯಾವಾಗ? ಕೇನಾ, ಸಿಕು, ಚರಾಂಗೊ ಎಂಬ ಪುಟ್ಟ ತಂತಿವಾದ್ಯ, ಗಿಟಾರ್, ಬೊಂಬೊ ಹಿಡಿದ ನಾಲ್ಕೈದು ಜನರ ತಂಡವನ್ನು ನಾವು 'ಸಾಂಪ್ರದಾಯಿಕ' ಅಂದುಕೊಳ್ಳುತ್ತೇವೆ. ಅದು ರೂಪುಗೊಂಡಿದ್ದು 1950 ಮತ್ತು 60ರ ದಶಕಗಳಲ್ಲಿ, ಪ್ಯಾರಿಸ್, ಬ್ಯೂನಸ್ ಐರಿಸ್, ಲಾ ಪಾಸ್‌ನಂಥ ನಗರಗಳ ಕ್ಲಬ್ಬುಗಳಲ್ಲಿ. 1965ರ ಹೊತ್ತಿಗೆ ಲಾ ಪಾಸ್‌ನಲ್ಲಿ ಹೆಸರು ಮಾಡಿದ ಲೋಸ್ ಹೈರಾಸ್ ತಂಡದಲ್ಲಿ ಕೇನಾ ನುಡಿಸುತ್ತಿದ್ದವರು ಗಿಲ್ಬರ್ಟ್ ಫಾವ್ರ್, ಸ್ವಿಟ್ಜರ್ಲೆಂಡಿನವರು! ಊರುಗಳಲ್ಲಿ ಸಿಕು ಮೇಳ ಅಂದರೆ ಸಿಕು ಮತ್ತು ಡೋಲು ಮಾತ್ರ, ತಾರ್ಕಾ ಮೇಳ ಅಂದರೆ ತಾರ್ಕಾ ಮತ್ತು ಡೋಲು ಮಾತ್ರ. ಎಲ್ಲವನ್ನೂ ಸೇರಿಸಿ, ಶ್ರುತಿ ತಿದ್ದಿ, ಕುರ್ಚಿಯಲ್ಲಿ ಕೂತು ಕೇಳುವಂತೆ ಮಾಡಿದ್ದು ಪಟ್ಟಣ. ಅದು ಕೆಟ್ಟದ್ದು ಅಂತೇನಲ್ಲ, ಬಹಳ ಸೊಗಸಾದ ಸಂಗೀತವೂ ಅದರಿಂದ ಬಂತು. ಆದರೆ ಹೆಚ್ಚಿನ ಫೋಕ್ ಮೆಟಲ್ ತಂಡಗಳು 'ಬೇರು' ಅಂತ ತೋರಿಸುವುದು ಈ ಪಟ್ಟಣದ ರೂಪವನ್ನು. ನಿಜವಾದ ಹಳ್ಳಿಯ ಸದ್ದು ಅವರ ಗಿಟಾರಿಗೆ ಇನ್ನೂ ಹತ್ತಿರ ಇತ್ತು ಅನ್ನುವುದು ತಮಾಷೆ.

ಚರಾಂಗೊ ಬಗ್ಗೆ ಒಂದು ಮಾತು. ಸ್ಪ್ಯಾನಿಷರು ಬರುವ ಮುಂಚೆ ಆಂಡೀಸ್‌ನಲ್ಲಿ ತಂತಿವಾದ್ಯವೇ ಇರಲಿಲ್ಲ. ಅವರು ತಂದ ವಾದ್ಯ ನೋಡಿ ಅಲ್ಲಿನವರು ಮಾಡಿಕೊಂಡದ್ದು ಈ ಹತ್ತು ತಂತಿಯ ಪುಟ್ಟ ವಾದ್ಯ. ಐದು ಜೋಡಿ ತಂತಿ, ಹಿಂಬದಿಗೆ ಆರ್ಮಡಿಲೊ ಎಂಬ ಪ್ರಾಣಿಯ ಚಿಪ್ಪು. ಈಗ ಹೆಚ್ಚಾಗಿ ಮರದಲ್ಲೇ ಮಾಡುತ್ತಾರೆ. ಸ್ಟುಡಿಯೋದಲ್ಲಿ ಚೆನ್ನಾಗಿರುತ್ತದೆ. ವೇದಿಕೆಯಲ್ಲಿ ಮಾತ್ರ ಡ್ರಮ್ಸ್ ಮುಂದೆ ಪಾಪ, ಸದ್ದು ಹಿಡಿಯುವ ಪಿಕಪ್ ಹಾಕದೆ ಕೇಳುವುದೇ ಇಲ್ಲ. ಕೊಳಲಿನ ಮೈಕಿಗೆ ಇನ್ನೊಂದು ತೊಂದರೆ. ಉಸಿರಿಗಿಂತ ಹಿಂದಿನ ಸಿಂಬಲ್ ಸದ್ದೇ ಅದರಲ್ಲಿ ಜಾಸ್ತಿ ಸೇರುತ್ತದೆ. ಹಾಗಾಗಿ ಅನುಭವಿ ತಂಡಗಳು ಕೊಳಲಿಗೆ ಲೀಡ್ ಗಿಟಾರಿನ ಜಾಗ ಬಿಟ್ಟುಕೊಡುತ್ತವೆ. ಅದು ಊದುವಾಗ ಇದು ಸುಮ್ಮನಿರುತ್ತದೆ.

ಇತಿಹಾಸಕ್ಕೆ ಬರೋಣ. ಬೊಲಿವಿಯಾದ ವಾರಾ ತಂಡ 1973ರಲ್ಲೇ 'ಎಲ್ ಇಂಕಾ' ಎಂಬ ಆಲ್ಬಂ ಮಾಡಿತು. ಅದರಲ್ಲಿ ಕೇಳುವ ಗಿಟಾರ್ ಆ ಕಾಲಕ್ಕೆ ಸಾಕಷ್ಟು ಭಾರದ್ದೇ. ಚಿಲಿಯ ಲೋಸ್ ಹೈವಾಸ್ 1981ರಲ್ಲಿ ನೆರೂಡಾನ ಮಾಚು ಪಿಚು ಕವಿತೆಯನ್ನು ರಾಕ್‌ಗೆ ಅಳವಡಿಸಿತು. ಅತ್ತ ಲಿಮಾದಲ್ಲಿ ಬೆಟ್ಟಗಳಿಂದ ವಲಸೆ ಬಂದವರ ಮಕ್ಕಳು ಎಲೆಕ್ಟ್ರಿಕ್ ಗಿಟಾರಿನಲ್ಲಿ ವಾಯ್ನೊ ಮತ್ತು ಕೊಲಂಬಿಯಾದ ಕುಣಿತದ ಸಂಗೀತವಾದ ಕುಂಬಿಯಾ ಬೆರೆಸಿ ಚಿಚಾ ಎಂಬ ಸಂಗೀತ ಕಟ್ಟಿದ್ದರು. 1980ರ ದಶಕದಲ್ಲಿ ಲೋಸ್ ಶಾಪಿಸ್ ತಂಡದ ಹಾಡು ಬಸ್ಸು, ಮಾರುಕಟ್ಟೆಗಳಲ್ಲೆಲ್ಲ ಮೊಳಗುತ್ತಿತ್ತು. ನಗರದ ಸಿರಿವಂತರು ಅದನ್ನು ಕೀಳಾಗಿ ಕಂಡರು. ಆಂಡೀಸ್ ಮೆಟಲ್‌ನ ಕತೆ ಹೇಳುವವರು ಚಿಚಾವನ್ನು ಮರೆಯುವುದು ಅನ್ಯಾಯ. ವಾಯ್ನೊವನ್ನು ಆಂಪ್ಲಿಫೈಯರಿಗೆ ಮೊದಲು ಸಿಕ್ಕಿಸಿದವರು ಅವರೇ.

ಲಿಮಾದ ಕ್ರಾನಿಯಂ ತಂಡ ಹುಟ್ಟಿದ್ದೂ ಅದೇ ದಶಕದಲ್ಲಿ. ಅವರ 'ಟೆಸ್ಟಿಮೋನಿಯೋಸ್' ಆಲ್ಬಂ ಬಂದದ್ದು 1999ರಲ್ಲಿ. ನಿಧಾನಗತಿಯ, ಶೋಕದ ಭಾರ ಹೊತ್ತ ಡೂಮ್ ಮೆಟಲ್ ಒಳಗೆ ಆಂಡೀಸ್‌ನ ಕೊಳಲುಗಳು. ಪೆರುವಿನ ಚಾಸ್ಕಾ, ಎಕ್ವಡಾರಿನ ಕುರಾರೆ ಆಮೇಲಿನವು. ಕುರಾರೆಯವರು ತಮ್ಮ ಸಂಗೀತಕ್ಕೆ 'ಲೋಂಗೊ ಮೆಟಲ್' ಅಂತ ಹೆಸರಿಟ್ಟುಕೊಂಡರು. ಅಲ್ಲಿ ಲೋಂಗೊ ಅನ್ನುವುದು ಮೂಲನಿವಾಸಿಗಳನ್ನು ಹೀಯಾಳಿಸುವ ಬೈಗುಳ. ಬೈದ ಮಾತನ್ನೇ ಬಾವುಟ ಮಾಡಿಕೊಂಡರು.

ಡೂಮ್ ಅಂದಾಗ ನನಗೆ ನೆನಪಾಗುವುದು ಪುತೂತು, ಅಂದರೆ ಶಂಖ. ಪೆರುವಿನ ಚಾವಿನ್ ದೆ ವಾಂತಾರ್ ಎಂಬ ಪುರಾತನ ದೇಗುಲದ ನೆಲದೊಳಗಿನ ಓಣಿಯಲ್ಲಿ 2001ರಲ್ಲಿ 20 ಶಂಖಗಳು ಸಿಕ್ಕವು. ಊದಲು ಬರುವಂತೆ ತುದಿ ಕತ್ತರಿಸಿ, ಮೈಮೇಲೆ ಚಿತ್ರ ಕೆತ್ತಿದವು. ಸ್ಪ್ಯಾನಿಷರು ಬರುವ ಮುಂಚೆ ಅಲ್ಲಿ ಆಳುತ್ತಿದ್ದ ಇಂಕಾಗಳಿಗಿಂತ ಸಾವಿರಾರು ವರ್ಷ ಹಿಂದಿನವು. ಈಗ 1781ಕ್ಕೆ ಬನ್ನಿ. ಸ್ಪ್ಯಾನಿಷ್ ಆಳ್ವಿಕೆಯ ವಿರುದ್ಧ ಬಂಡೆದ್ದ ಎರಡನೇ ತುಪಾಕ್ ಅಮಾರುವಿಗೆ ಕುಸ್ಕೊದಲ್ಲಿ ಮರಣದಂಡನೆ ಆಯಿತು. ಅಧಿಕಾರಿ ಅರೆಚೆ ಬರೆದ ಆ ತೀರ್ಪು ಅಷ್ಟಕ್ಕೇ ನಿಲ್ಲಲಿಲ್ಲ. ಇಂಕಾ ಉಡುಪು ನಿಷೇಧ, ಇಂಕಾ ನೆನಪಿನ ನಾಟಕಗಳು ನಿಷೇಧ. ಅದರ ಜೊತೆಗೆ ಈ ಪುತೂತುಗಳೂ ನಿಷೇಧ. ಅವುಗಳ ದನಿ ವಿಚಿತ್ರ, ಶೋಕಮಯ ಅಂತಲೂ ತೀರ್ಪಿನಲ್ಲೇ ಬರೆದಿದ್ದಾನೆ. ಒಂದು ವಾದ್ಯದ ಸದ್ದಿಗೆ ಸರ್ಕಾರ ಹೆದರಿದೆ ಅಂದರೆ ಮೆಟಲ್ ತಂಡಕ್ಕೆ ಇದಕ್ಕಿಂತ ಒಳ್ಳೆಯ ಶಿಫಾರಸು ಬೇಕಾ?

ಭಾಷೆಯ ಕತೆಯೂ ಇದರ ಜೊತೆಗೇ ಹೆಣೆದುಕೊಂಡಿದೆ. ಆಂಡೀಸ್‌ನ ಮೂಲನಿವಾಸಿಗಳ ನುಡಿ ಕೆಚುವಾ ಪೆರುವಿನಲ್ಲಿ ಅಧಿಕೃತ ಭಾಷೆಯಾದದ್ದು 1975ರಲ್ಲಿ. 2017ರ ಜನಗಣತಿಯಲ್ಲಿ ಸುಮಾರು 38 ಲಕ್ಷ ಜನ ಅದನ್ನು ತಾಯ್ನುಡಿ ಎಂದು ಬರೆಸಿದರು. ಕೇಳಲು ದೊಡ್ಡ ಸಂಖ್ಯೆ, ಆದರೆ ಪಟ್ಟಣಕ್ಕೆ ಬಂದ ಎಷ್ಟೋ ಮನೆಗಳಲ್ಲಿ ಅದು ಅಜ್ಜಿಯ ಬಾಯಲ್ಲೇ ಉಳಿದುಹೋಯಿತು. 1980ರಿಂದ 2000ದವರೆಗೆ ಶೈನಿಂಗ್ ಪಾಥ್ ಬಂಡುಕೋರರು ಮತ್ತು ಸೈನ್ಯದ ನಡುವಿನ ಹಿಂಸೆಯಲ್ಲಿ ಸುಮಾರು 69,000 ಜನ ಸತ್ತರು ಎಂದು 2003ರಲ್ಲಿ ಸತ್ಯಶೋಧನಾ ಆಯೋಗ ಅಂದಾಜು ಮಾಡಿತು. ಅವರಲ್ಲಿ ನಾಲ್ಕಕ್ಕೆ ಮೂವರು ಕೆಚುವಾ ಅಥವಾ ಬೇರೆ ಮೂಲಭಾಷೆಯವರು. ಆ ಹಿಂಸೆಯ ನಡುಮಧ್ಯೆ ಇದ್ದದ್ದು ಅಯಾಕುಚೊ. ಅಲ್ಲಿ ಪೊಲೀಸ್ ಆಗಿದ್ದ ಫ್ರೆಡಿ ಒರ್ಟಿಸ್ 1990ರ ದಶಕದ ಆರಂಭದಲ್ಲಿ ಉಚ್ಪಾ ತಂಡ ಕಟ್ಟಿದರು. ಉಚ್ಪಾ ಅಂದರೆ ಬೂದಿ. ಅವರದು ಮೆಟಲ್ ಅಲ್ಲ, ಗಟ್ಟಿ ರಾಕ್ ಮತ್ತು ಬ್ಲೂಸ್, ಹಾಡುವುದು ಕೆಚುವಾದಲ್ಲಿ. ವೇದಿಕೆಗೆ ವಕ್ರಾಪುಕು ಎಂಬ ಸುರುಳಿ ಕೊಂಬು ಬರುತ್ತದೆ, ಕತ್ತರಿ ಕುಣಿತದವರೂ ಬರುತ್ತಾರೆ. ಕೈಯಲ್ಲಿ ಎರಡು ಲೋಹದ ಅಲಗು ಹಿಡಿದು ಕಣಕಣ ತಾಳ ಹಾಕುತ್ತಾ ಲಾಗ ಹೊಡೆಯುವ ಈ ಕುಣಿತ 2010ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಕೆಚುವಾದಲ್ಲಿ ಹಾಡುವ ಮೆಟಲ್ ತಂಡಗಳಿಗೆ ಉಚ್ಪಾ ದಾರಿ ಸುಲಭ ಮಾಡಿಕೊಟ್ಟಿತು ಅನ್ನಬಹುದು.

ಕೊನೆಗೆ ದೆವ್ವದ ವಿಷಯ. ಮೆಟಲ್ ಅಂದರೆ ಕೊಂಬಿನ ಸೈತಾನ ಇರಲೇಬೇಕಲ್ಲ. ಬೊಲಿವಿಯಾದ ಪೊಟೊಸಿ ಮತ್ತು ಒರೂರೊ ಗಣಿಗಳ ಒಳಗೆ ಅವನು ಆಗಲೇ ಕೂತಿದ್ದಾನೆ. ಹೆಸರು ತೀಯೊ. ಮಣ್ಣಿನ ಮೂರ್ತಿ, ತಲೆಗೆ ಕೊಂಬು, ಬಾಯಿಗೆ ಸಿಗರೇಟು ಸಿಕ್ಕಿಸಲು ಜಾಗ. ಗಣಿಗಿಳಿಯುವವರು ಅವನ ಮುಂದೆ ಕೋಕಾ ಎಲೆ ಚೆಲ್ಲುತ್ತಾರೆ, ಮದ್ಯ ಸುರಿಯುತ್ತಾರೆ, ಸಿಗರೇಟು ಹಚ್ಚಿಡುತ್ತಾರೆ. ನೆಲದ ಮೇಲೆ ಚರ್ಚು, ನೆಲದ ಕೆಳಗೆ ಇವನದ್ದೇ ರಾಜ್ಯ, ಅದಿರೂ ಇವನದ್ದೇ. ಒರೂರೊದ ಕಾರ್ನಿವಲ್‌ನಲ್ಲಿ ನೂರಾರು ಜನ ಕೊಂಬಿನ ಮುಖವಾಡ ಹಾಕಿ ದಿಯಾಬ್ಲಾದಾ ಕುಣಿಯುವುದು ಗಣಿಯವರ ಮಾತೆ ಮೇರಿಯ ಗೌರವಕ್ಕೆ. ಹಾಗಾಗಿ ಬೊಲಿವಿಯಾದ ತಂಡವೊಂದು ಆಲ್ಬಂ ಮುಖಪುಟಕ್ಕೆ ಕೊಂಬಿನವನನ್ನು ಹಾಕಿದರೆ ಅದನ್ನು ನಾರ್ವೆಯ ಬ್ಲ್ಯಾಕ್ ಮೆಟಲ್‌ನ ದೇವದ್ರೋಹದ ಲೆಕ್ಕದಲ್ಲಿ ಓದಬೇಡಿ. ಅಲ್ಲಿ ಅವನು ಮನೆತನದ ಯಜಮಾನನ ಹಾಗೆ, ಸಿಟ್ಟಿನವನು, ಆದರೆ ನಮ್ಮವನು.

ಹೊಸ ತಂಡಗಳು ವರ್ಷ ವರ್ಷ ಬರುತ್ತಲೇ ಇವೆ. ಎಲ್ಲವೂ ಚೆನ್ನಾಗಿರುವುದಿಲ್ಲ. ಸಾಮಾನ್ಯ ಮೆಟಲ್ ಹಾಡಿನ ಮೇಲೆ ಕೀಬೋರ್ಡಿನ ಪ್ಯಾನ್ ಫ್ಲೂಟ್ ಸದ್ದು ಅಂಟಿಸಿ, ಮಾಚು ಪಿಚು ಫೋಟೋ ಹಾಕಿದವೂ ಇವೆ. ಉತ್ತರ ಅಮೆರಿಕದ ಬುಡಕಟ್ಟುಗಳ ಗರಿಗಿರೀಟ ತೊಟ್ಟು ತಾವು ಇಂಕಾ ಅನ್ನುವ ಬೀದಿ ಕಲಾವಿದರು ಯೂರೋಪಿನ ಊರುಗಳಲ್ಲಿ ಇದ್ದಾರೆ, ಅದೇ ರೋಗ ಕೆಲವು ತಂಡಗಳಿಗೂ ಅಂಟಿದೆ. ಸಿಕುವಿನ ಇರಾ, ಅರ್ಕಾ ಎರಡನ್ನೂ ಒಬ್ಬನೇ ಕಟ್ಟಿಕೊಂಡು ನುಡಿಸುವುದು ಈಗ ರೂಢಿ, ಖರ್ಚಿನ ದೃಷ್ಟಿಯಿಂದ ಅರ್ಥವಾಗುತ್ತದೆ. ಆದರೂ ಇಬ್ಬರನ್ನು ನಿಲ್ಲಿಸಿ, ಒಬ್ಬನನ್ನು ಎಡ ಸ್ಪೀಕರಿಗೆ, ಇನ್ನೊಬ್ಬನನ್ನು ಬಲಕ್ಕೆ ಹಾಕಿ ರೆಕಾರ್ಡ್ ಮಾಡುವ ತಂಡ ಸಿಕ್ಕರೆ ನಾನು ಬೇರೆಲ್ಲ ತಪ್ಪು ಮಾಫಿ ಮಾಡಲು ತಯಾರು.

ಇನ್ನೊಂದು ಗಂಟು ಇದೆ, ಅದಕ್ಕೆ ಸ್ಟುಡಿಯೋದಲ್ಲಿ ಪರಿಹಾರ ಸಿಗುವುದಿಲ್ಲ. ಐಮಾರಾ ಊರುಗಳಲ್ಲಿ ವಾದ್ಯಕ್ಕೂ ಕಾಲ ಇದೆ. ತಾರ್ಕಾ ಮಳೆಗಾಲದ್ದು, ನವೆಂಬರ್ ಆರಂಭದ ಸತ್ತವರ ಹಬ್ಬದಿಂದ ಕಾರ್ನಿವಲ್‌ವರೆಗೆ. ಅದು ಮಳೆ ಕರೆಯುತ್ತದೆ ಅಂತ ನಂಬಿಕೆ. ಒಣಗಾಲ ಸಿಕುವಿನದು. ಜುಲೈ ತಿಂಗಳ ಮೆಟಲ್ ಹಬ್ಬದಲ್ಲಿ ಎರಡನ್ನೂ ಒಂದೇ ಹಾಡಿಗೆ ಊದಿದರೆ ಊರಿನ ಹಿರಿಯರು ಮುಖ ಸಿಂಡರಿಸುತ್ತಾರೆ. ಪಟ್ಟಣದ ತಂಡಗಳು ಸಾಮಾನ್ಯವಾಗಿ ಇದನ್ನು ತಲೆಗೆ ಹಚ್ಚಿಕೊಳ್ಳುವುದಿಲ್ಲ.

ಕೇಳಲು ಶುರುಮಾಡುವುದಾದರೆ ಕಾಲಕ್ರಮದಲ್ಲೇ ಹೋಗಿ: ವಾರಾ, ಉಚ್ಪಾ, ಕ್ರಾನಿಯಂ, ಕುರಾರೆ. ಅದಕ್ಕೂ ಮುಂಚೆ, ಒರೂರೊದಲ್ಲಿ ಕಾರ್ನಿವಲ್‌ಗೆ ಮುಂಚಿನ ಗುರುವಾರ ನಡೆಯುವ ಅನಾತಾ ಆಂಡಿನೊ ಮೆರವಣಿಗೆಯ ವಿಡಿಯೋ ಒಂದನ್ನು ಹುಡುಕಿ ನೋಡಿ. ಊರೂರುಗಳಿಂದ ಬಂದ ತಾರ್ಕಾ ಮೇಳಗಳು ಒಂದರ ಹಿಂದೆ ಒಂದು ಬರುತ್ತವೆ. ವಾಲ್ಯೂಮ್ ಮೊದಲೇ ಸ್ವಲ್ಪ ಇಳಿಸಿಕೊಳ್ಳಿ.